ಕಡಿಮೆ ದುಡ್ಡಿಗೆ ಹಳೇ ಮಿಲಿಟರಿ ರೈಫಲ್: ಮೊಸಿನ್ ತಗೊಳ್ಳೋದಾ, ಇಶಾಪುರದ್ದಾ?

ಹಾಸನ ಟು ಆಸ್ಟಿನ್

ಎಲ್ಲರಿಗೂ ನಮಸ್ಕಾರ. ಟೆಕ್ಸಾಸ್‌ನಲ್ಲಿದ್ದೇನೆ, ಗ್ರೀನ್ ಕಾರ್ಡ್ ಇದೆ. ಒಂದು ಹಳೇ ಮಿಲಿಟರಿ ರೈಫಲ್ ಇಟ್ಟುಕೊಳ್ಳಬೇಕು ಅಂತ ಬಹಳ ದಿನದ ಆಸೆ. ಬೇಟೆಗಲ್ಲ. ಬಿಡುವಾದಾಗ ರೇಂಜ್‌ಗೆ ಹೋಗಿ ಪೇಪರ್ ಟಾರ್ಗೆಟ್‌ಗೆ ಹೊಡೆಯೋದಕ್ಕೆ, ಜೊತೆಗೆ ಇತಿಹಾಸದ ಹುಚ್ಚು ಇರೋದಕ್ಕೆ.

ಬಜೆಟ್ ಐನೂರು ಡಾಲರ್, ಎಳೆದರೆ ಆರುನೂರು. ಹಳೇ ವಿಡಿಯೋಗಳಲ್ಲಿ ನೋಡಿದರೆ ಎಲ್ಲರೂ ರಷ್ಯಾದ ಮೊಸಿನ್ ನಾಗಾಂತ್ ತಗೊಳ್ಳಿ, ನೂರು ಡಾಲರ್‌ಗೆ ಸಿಗುತ್ತೆ ಅಂತಾರೆ. ಅಂಗಡಿಗೆ ಹೋದರೆ ಬೆಲೆಯೇ ಬೇರೆ. ಅದರ ಪಕ್ಕದಲ್ಲೇ ನಮ್ಮ ದೇಶದ ಇಶಾಪುರ ಕಾರ್ಖಾನೆಯ 2ಎ1 ಅನ್ನೋ ರೈಫಲ್ ಇತ್ತು. ಕೈಗೆತ್ತಿಕೊಂಡ ಮೇಲೆ ಮನಸ್ಸು ಅದರ ಕಡೆಗೇ ವಾಲಿದೆ. ಗೊತ್ತಿದ್ದವರು ದಾರಿ ತೋರಿಸಿ.

ಪಿಟ್ಸ್‌ಬರ್ಗ್ ಮೇಷ್ಟ್ರು

ನಮಸ್ಕಾರ ಸರ್. ಮೊದಲು ಬೆಲೆ ವಿಷಯ. ನೀವು ನೋಡಿದ ವಿಡಿಯೋ ಸುಳ್ಳಲ್ಲ, ಹಳೇದು ಅಷ್ಟೇ. 2010ರ ಆಸುಪಾಸಿನಲ್ಲಿ ಮೊಸಿನ್ 91/30 ನೂರು ಡಾಲರ್ ಒಳಗೆ ಸಿಗುತ್ತಿತ್ತು. ಮರದ ಪೆಟ್ಟಿಗೆಗಳಲ್ಲಿ, ಗ್ರೀಸ್ ಮೆತ್ತಿಕೊಂಡು, ಬಯೊನೆಟ್ ಸಮೇತ ಬರುತ್ತಿದ್ದವು. ಈಗ ಅದೇ ರೈಫಲ್‌ಗೆ ನಾಲ್ಕೈದು ಪಟ್ಟು ಕೇಳುತ್ತಾರೆ. ಗೋದಾಮು ಖಾಲಿಯಾಗುತ್ತಾ ಬಂತು, ಬರೋ ದಾರಿಯೂ ಮುಚ್ಚಿತು. ಹೊಸದಾಗಿ ಯಾರೂ 1942ರ ರೈಫಲ್ ತಯಾರಿಸೋದಿಲ್ಲ ಅಲ್ವಾ?

ಇನ್ನೊಂದು ವಿಷಯ ಜನ ಲೆಕ್ಕಕ್ಕೆ ಹಿಡಿಯೋದೇ ಇಲ್ಲ. ಅದು ಗುಂಡಿನ ಬೆಲೆ. ಮೊಸಿನ್ ತಿನ್ನೋದು 7.62×54 ಆರ್ ಅನ್ನೋ ಗುಂಡು. ಒಂದು ಕಾಲದಲ್ಲಿ 440 ಗುಂಡಿನ ಸೀಲ್ ಮಾಡಿದ ತಗಡಿನ ಡಬ್ಬ ಬಹಳ ಅಗ್ಗಕ್ಕೆ ಸಿಗುತ್ತಿತ್ತು. 2021ರ ಸೆಪ್ಟೆಂಬರ್‌ನಿಂದ ರಷ್ಯಾದ ಗುಂಡಿನ ಆಮದಿಗೆ ಅಮೆರಿಕ ಸರ್ಕಾರ ತಡೆ ಹಾಕಿತು. ಅಲ್ಲಿಗೆ ಅಗ್ಗದ ಗುಂಡಿನ ಕಾಲವೂ ಮುಗಿಯಿತು. ಹಾಗಾಗಿ ರೈಫಲ್ ಬೆಲೆ ನೋಡುವ ಮೊದಲು ಅದಕ್ಕೆ ಹಾಕೋ ಗುಂಡು ನಿಮ್ಮ ಊರಿನ ಅಂಗಡಿಯಲ್ಲಿ ಸಿಗುತ್ತಾ, ಎಷ್ಟಕ್ಕೆ ಅಂತ ಕೇಳಿ. ಈ ಲೆಕ್ಕದಲ್ಲಿ ಇಶಾಪುರದ್ದು ಗೆಲ್ಲುತ್ತೆ. ಅದು 7.62 ನೇಟೋ ಗುಂಡಿನ ರೈಫಲ್, ಆ ಗುಂಡು ಎಲ್ಲಾ ಕಡೆ ಸಿಗುತ್ತೆ.

ಡಲ್ಲಾಸ್‌ನವ

ಈ ಚರ್ಚೆ ನೋಡಿ ಖುಷಿಯಾಯ್ತು. ನಾನು ಹೆಚ್-1ಬಿ ಮೇಲೆ ಇದ್ದೇನೆ. ನಾನೂ ತಗೊಳ್ಳಬಹುದಾ? ಟೆಕ್ಸಾಸ್‌ನಲ್ಲಿ ಯಾರು ಬೇಕಾದರೂ ತಗೊಳ್ಳಬಹುದು ಅಂತ ಆಫೀಸಿನಲ್ಲಿ ಹೇಳುತ್ತಾರೆ.

ಎಡಿಸನ್ ಅಕ್ಕ

ತಮ್ಮಾ, ದಯವಿಟ್ಟು ಇಲ್ಲೇ ನಿಲ್ಲಿ. ಆಫೀಸಿನವರ ಮಾತು ಕೇಳಬೇಡಿ. ಅವರು ಹುಟ್ಟಿನಿಂದ ಇಲ್ಲಿನ ಪ್ರಜೆಗಳು, ಅವರ ನಿಯಮ ನಿಮಗಲ್ಲ.

ಇದು ರಾಜ್ಯದ ಕಾನೂನಿನ ಮಾತಲ್ಲ, ಫೆಡರಲ್ ಕಾನೂನು. ಹೆಚ್-1ಬಿ, ಎಫ್-1, ಎಲ್-1 ಹೀಗೆ ತಾತ್ಕಾಲಿಕ ವೀಸಾ ಮೇಲೆ ಬಂದವರು ಬಂದೂಕನ್ನಾಗಲಿ ಗುಂಡನ್ನಾಗಲಿ ಇಟ್ಟುಕೊಳ್ಳುವಂತಿಲ್ಲ. ಕೆಲವು ವಿನಾಯಿತಿಗಳಿವೆ. ಮುಖ್ಯವಾದದ್ದು ಯಾವುದಾದರೂ ರಾಜ್ಯ ಕೊಟ್ಟ, ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್. ಅದು ಕೈಯಲ್ಲಿದ್ದರೆ ದಾರಿ ಇದೆ. ಇಲ್ಲದಿದ್ದರೆ ಗೆಳೆಯನ ಜೊತೆ ರೇಂಜ್‌ಗೆ ಹೋಗಿ ಬಾಡಿಗೆ ಬಂದೂಕಿನಲ್ಲಿ ನಾಲ್ಕು ಗುಂಡು ಹೊಡೆದರೂ ಅಪರಾಧವೇ. 2022ರ ತಿದ್ದುಪಡಿ ಆದಮೇಲೆ ಇದಕ್ಕೆ 15 ವರ್ಷದವರೆಗೆ ಶಿಕ್ಷೆ ಆಗಬಹುದು. ಗಡೀಪಾರು ಬೇರೆ.

ರೆಹೈಫ್ ಅನ್ನೋ ವಿದ್ಯಾರ್ಥಿಯ ಕೇಸ್ ಸುಪ್ರೀಂ ಕೋರ್ಟ್‌ವರೆಗೂ ಹೋಗಿತ್ತು. ಯುಎಇಯಿಂದ ಓದೋಕೆ ಬಂದಿದ್ದ. ಕಾಲೇಜು ಕೈಬಿಟ್ಟ ಮೇಲೆ ಅವನ ವಾಸದ ಹಕ್ಕೂ ಹೋಗಿತ್ತು. ಅವನು ಮಾಡಿದ್ದು ಫ್ಲಾರಿಡಾದ ರೇಂಜ್‌ನಲ್ಲಿ ಗುಂಡು ಹೊಡೆದದ್ದು. ತನ್ನ ವಾಸದ ಹಕ್ಕು ಹೋಗಿದೆ ಅಂತ ಅವನಿಗೆ ಗೊತ್ತಿತ್ತು ಅನ್ನೋದನ್ನೂ ಸರ್ಕಾರ ಸಾಬೀತು ಮಾಡಬೇಕು ಅಂತ 2019ರಲ್ಲಿ ಕೋರ್ಟ್ ಹೇಳಿತು. ಆದರೆ ಅಷ್ಟು ಹೊತ್ತಿಗೆ ಆ ಹುಡುಗನ ಬದುಕಿನ ಎಷ್ಟು ವರ್ಷ ಹೋಗಿತ್ತು ಯೋಚಿಸಿ. ನಮ್ಮ ಹುಡುಗರು ವೀಕೆಂಡ್‌ನಲ್ಲಿ ಸುಮ್ನೆ ಮಜಾ ಅಂತ ರೇಂಜ್‌ಗೆ ಹೋಗಿ ಫೋಟೋ ಹಾಕುತ್ತಾರಲ್ಲ, ನನಗೆ ಎದೆ ನಡುಗುತ್ತೆ.

ಬೇಟೆ ಲೈಸೆನ್ಸ್ ಮಾಡಿಸಿದರೂ ಮೊದಲು ಇಮಿಗ್ರೇಷನ್ ವಕೀಲರ ಹತ್ತಿರ ಮಾತಾಡಿ. ಗ್ರೀನ್ ಕಾರ್ಡ್ ಅರ್ಜಿ ನಡೀತಾ ಇದ್ದರಂತೂ ಕಾಯೋದೇ ಒಳ್ಳೇದು ಅನ್ನೋದು ನನ್ನ ಮಾತು. ರೈಫಲ್ ಎಲ್ಲಿಗೂ ಓಡಿಹೋಗೋದಿಲ್ಲ.

ಡಲ್ಲಾಸ್‌ನವ

ಅಕ್ಕಾ, ತುಂಬಾ ಥ್ಯಾಂಕ್ಸ್. ಬರುವ ಶನಿವಾರ ಟೀಮಿನವರ ಜೊತೆ ರೇಂಜ್‌ಗೆ ಹೋಗೋ ಪ್ಲ್ಯಾನ್ ಇತ್ತು. ಬರೋದಿಲ್ಲ ಅಂತ ಈಗಲೇ ಹೇಳುತ್ತೇನೆ.

ಹಾಸನ ಟು ಆಸ್ಟಿನ್

ಗ್ರೀನ್ ಕಾರ್ಡ್ ಇದ್ದವರಿಗೆ ತೊಂದರೆ ಇಲ್ಲ ಅಲ್ವಾ? ಮತ್ತೆ ಅಮೆರಿಕದ ಹಳೇ ಮಿಲಿಟರಿ ರೈಫಲ್ ಎಂ1 ಗರಾಂಡ್ ಬಗ್ಗೆಯೂ ಕೇಳಿದ್ದೇನೆ. ಸರ್ಕಾರದ ಕಡೆಯಿಂದಲೇ ಕೊಡುತ್ತಾರಂತೆ, ನಿಜವಾ?

ಪಿಟ್ಸ್‌ಬರ್ಗ್ ಮೇಷ್ಟ್ರು

ಗ್ರೀನ್ ಕಾರ್ಡ್ ಇದ್ದರೆ ಫೆಡರಲ್ ಕಾನೂನಿನಲ್ಲಿ ಅಡ್ಡಿ ಇಲ್ಲ. ಅಂಗಡಿಯಲ್ಲಿ 4473 ಅನ್ನೋ ಫಾರಂ ತುಂಬಬೇಕು. ಅದರಲ್ಲಿ ನಿಮ್ಮ ಏಲಿಯನ್ ನಂಬರ್ ಬರೆಯೋ ಜಾಗ ಇದೆ. ಹೆಸರು ಕಾರ್ಡ್‌ನಲ್ಲಿ ಹೇಗಿದೆಯೋ ಹಾಗೇ ಬರೆಯಿರಿ. ನಮ್ಮವರಲ್ಲಿ ಇನಿಷಿಯಲ್, ಊರ ಹೆಸರು, ಅಪ್ಪನ ಹೆಸರು ಒಂದೊಂದು ಕಾಗದದಲ್ಲಿ ಒಂದೊಂದು ಥರ ಇರುತ್ತೆ ಅಲ್ವಾ, ಅದಕ್ಕೇ ಹೇಳಿದೆ. ಆಮೇಲೆ ಅವರು ಎಫ್‌ಬಿಐ ಹತ್ತಿರ ಹಿನ್ನೆಲೆ ಪರಿಶೀಲನೆ ಮಾಡಿಸುತ್ತಾರೆ. ಕೆಲವರಿಗೆ ನಿಮಿಷಗಳಲ್ಲಿ ಮುಗಿಯುತ್ತೆ, ಕೆಲವರಿಗೆ ದಿನ ಹಿಡಿಯುತ್ತೆ.

ಗರಾಂಡ್ ಮಾರೋದು ಸಿಎಂಪಿ, ಅಂದರೆ ಸಿವಿಲಿಯನ್ ಮಾರ್ಕ್ಸ್‌ಮನ್‌ಶಿಪ್ ಪ್ರೋಗ್ರಾಂ. ಅಲಬಾಮಾದ ಆನಿಸ್ಟನ್‌ನಲ್ಲೂ ಓಹಾಯೋದ ಕ್ಯಾಂಪ್ ಪೆರಿಯಲ್ಲೂ ಅವರ ಮಳಿಗೆ ಇದೆ. ಆದರೆ ಅವರು ಅಮೆರಿಕದ ಪೌರತ್ವ ಕೇಳುತ್ತಾರೆ. ಅವರ ಜೊತೆ ಸೇರಿಕೊಂಡ ಕ್ಲಬ್ಬಿನ ಸದಸ್ಯತ್ವವೂ ಬೇಕು, ಗುರಿ ಹೊಡೆಯೋ ಚಟುವಟಿಕೆಯ ದಾಖಲೆಯೂ ಬೇಕು. ಬೆಲೆಯೂ ಸಾವಿರದ ಆಸುಪಾಸು. ಸಿಟಿಜನ್ ಆದಮೇಲೆ ಯೋಚಿಸಿ.

ಆನ್‌ಲೈನ್‌ನಲ್ಲಿ ಆರ್ಡರ್ ಮಾಡಿದರೆ ಸೀದಾ ಮನೆಗೆ ಬರೋದಿಲ್ಲ, ಲೈಸೆನ್ಸ್ ಇರೋ ಅಂಗಡಿಗೆ ಬರುತ್ತೆ. ಒಂದು ಕಾಲದಲ್ಲಿ ಪೋಸ್ಟ್‌ನಲ್ಲೇ ಮನೆಗೆ ಬರುತ್ತಿತ್ತು. ಕೆನಡಿಯನ್ನು ಕೊಂದ ಓಸ್ವಾಲ್ಡ್ 1963ರಲ್ಲಿ ಷಿಕಾಗೋದ ಅಂಗಡಿಯೊಂದರಿಂದ ಸುಳ್ಳು ಹೆಸರಿನಲ್ಲಿ ತರಿಸಿಕೊಂಡದ್ದು ಇಟಲಿಯ ಮಿಲಿಟರಿ ಸರ್‌ಪ್ಲಸ್, ಅಂದರೆ ಸೈನ್ಯ ಬೇಡವೆಂದು ಮಾರಿದ, ಕಾರ್ಕಾನೊ ರೈಫಲ್. ದುರ್ಬೀನು ಸೇರಿ 19.95 ಡಾಲರ್, ಅಂಚೆ ಖರ್ಚು ಬೇರೆ. 1968ರ ಕಾನೂನು ಆ ಬಾಗಿಲು ಮುಚ್ಚಿತು.

ಈಗ ಮನೆಗೇ ತರಿಸಿಕೊಳ್ಳೋಕೆ ಉಳಿದಿರೋದು ಸಂಗ್ರಹಕಾರರ ಲೈಸೆನ್ಸ್. ಸಿ ಅಂಡ್ ಆರ್ ಅಂತಾರೆ. ಮೂರು ವರ್ಷಕ್ಕೆ 30 ಡಾಲರ್, 21 ವಯಸ್ಸಾಗಿರಬೇಕು. 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರೋ ಬಂದೂಕುಗಳಿಗೆ ಅನ್ವಯಿಸುತ್ತೆ. ಬಂದದ್ದು, ಹೋದದ್ದು ಎಲ್ಲಾ ಪುಸ್ತಕದಲ್ಲಿ ಬರೆದಿಡಬೇಕು. ಒಂದೇ ರೈಫಲ್‌ಗೆ ಇದರ ಅಗತ್ಯ ಇಲ್ಲ. ಅಂಗಡಿಗೆ ಹೋಗಿ, ಕೈಯಲ್ಲಿ ಹಿಡಿದು ನೋಡಿ ತಗೊಳ್ಳಿ. ಸರ್‌ಪ್ಲಸ್ ರೈಫಲ್‌ನಲ್ಲಿ ಒಂದರಂತೆ ಇನ್ನೊಂದು ಇರೋದಿಲ್ಲ.

ಎಡಿಸನ್ ಅಕ್ಕ

ರಾಜ್ಯದ ನಿಯಮವೂ ಸೇರಿಸಿ ಸರ್, ಓದೋರು ಎಲ್ಲಾ ಕಡೆ ಇದ್ದಾರೆ. ನಮ್ಮ ನ್ಯೂಜೆರ್ಸಿಯಲ್ಲಿ ರೈಫಲ್ ತಗೊಳ್ಳೋಕೆ ಮೊದಲು ಪೊಲೀಸರಿಂದ ಐಡಿ ಕಾರ್ಡ್ ಮಾಡಿಸಬೇಕು. ಇಲಿನಾಯ್‌ನಲ್ಲೂ ಅಂಥದ್ದೇ ಒಂದು ಕಾರ್ಡ್ ಇದೆ. ಕ್ಯಾಲಿಫೋರ್ನಿಯಾದಲ್ಲಿ ದುಡ್ಡು ಕೊಟ್ಟ ಮೇಲೂ ಹತ್ತು ದಿನ ಕಾಯಬೇಕು.

ಹುಬ್ಬಳ್ಳಿ ಮಂದಿ

ನಮಸ್ಕಾರ್ರೀ. ನಾ ಊರಾಗ ಇರೋನು. ನಮ್ಮ ಕಡೆ ಬ್ಯಾಂಕ್ ಮುಂದ, ಖಜಾನೆ ಮುಂದ ಪೊಲೀಸರು ಹಿಡಕೊಂಡು ನಿಲ್ಲತಿದ್ದ ತ್ರೀ ನಾಟ್ ತ್ರೀ ಅದ ಅಲ್ರೀ, ಅದೂ ಈ ಇಶಾಪುರದ್ದೂ ಒಂದ ಏನು? ಅಲ್ಲಿ ಮಂದಿ ಅದನ್ನ ಅಂಗಡಿಯೊಳಗ ತಗೋತಾರಂದ್ರ ನಮಗ ಇಲ್ಲಿ ಯಾಕ ಸಿಗೋದಿಲ್ಲ?

ಪಿಟ್ಸ್‌ಬರ್ಗ್ ಮೇಷ್ಟ್ರು

ಒಳ್ಳೇ ಪ್ರಶ್ನೆ ಕೇಳಿದಿರಿ. ಇದು ನನ್ನ ಇಷ್ಟದ ವಿಷಯ, ಸ್ವಲ್ಪ ಉದ್ದ ಬರೆಯುತ್ತೇನೆ.

ಎರಡೂ ಒಂದೇ ಮನೆತನದ್ದು. ಮೂಲ ಬ್ರಿಟಿಷರ ಲೀ ಎನ್‌ಫೀಲ್ಡ್. ಕೊಲ್ಕತ್ತದ ಉತ್ತರಕ್ಕೆ ಹೂಗ್ಲಿ ನದಿ ದಂಡೆಯಲ್ಲಿರುವ ಇಶಾಪುರದ ಕಾರ್ಖಾನೆ ಬ್ರಿಟಿಷರ ಕಾಲದಿಂದಲೂ ಇದನ್ನು ತಯಾರಿಸುತ್ತಿತ್ತು. ಸ್ವಾತಂತ್ರ್ಯ ಬಂದಮೇಲೂ ನಿಲ್ಲಿಸಲಿಲ್ಲ. 1962ರಲ್ಲಿ ಚೀನಾದ ಎದುರು ನಮ್ಮ ಜವಾನರು ಹಿಡಿದು ನಿಂತದ್ದು ಈ ತ್ರೀ ನಾಟ್ ತ್ರೀಯನ್ನೇ. ಒಂದೊಂದು ಗುಂಡಿಗೂ ಬೋಲ್ಟ್, ಅಂದರೆ ಗುಂಡನ್ನು ನಳಿಗೆಗೆ ತಳ್ಳಿ ಹಿಂದಿನಿಂದ ಮುಚ್ಚುವ ಹಿಡಿಯಿರೋ ಭಾಗ, ಎಳೆದು ತಳ್ಳಬೇಕು. ಆ ಯುದ್ಧದ ಪೆಟ್ಟು ಬಿದ್ದ ಮೇಲೆ ಸೈನ್ಯ ತಾನಾಗಿ ಲೋಡ್ ಆಗುವ ಎಸ್‌ಎಲ್‌ಆರ್ ಕಡೆ ತಿರುಗಿತು. ಅದರ ಗುಂಡು 7.62 ನೇಟೋ. ಎಲ್ಲರಿಗೂ ಎಸ್‌ಎಲ್‌ಆರ್ ಕೊಡೋದು ಒಂದೇ ಏಟಿಗೆ ಆಗೋ ಕೆಲಸವಲ್ಲ. ಅದಕ್ಕೇ ಇಶಾಪುರದವರು ತಮ್ಮ ಕೈಗೆ ಪಳಗಿದ್ದ ಹಳೇ ವಿನ್ಯಾಸವನ್ನೇ ಹೊಸ ಗುಂಡಿಗೆ ಹೊಂದಿಸಿದರು. ಮೊದಲು 2ಎ, ಆಮೇಲೆ 2ಎ1.

ಇದು ಹಳೇ .303 ರೈಫಲ್‌ನ ನಳಿಗೆ ಬದಲಿಸಿ ಮಾಡಿದ ರಿಪೇರಿ ಕೆಲಸ ಅಂತ ತುಂಬಾ ಜನ ಬರೆಯುತ್ತಾರೆ. ಅದು ತಪ್ಪು. 1960ರ ದಶಕದಲ್ಲಿ ಹೊಸದಾಗಿಯೇ, ಹೆಚ್ಚು ಗಟ್ಟಿ ಉಕ್ಕಿನಲ್ಲಿ ತಯಾರಾದದ್ದು. ಲೀ ಎನ್‌ಫೀಲ್ಡ್ ವಂಶದಲ್ಲಿ ದೊಡ್ಡ ಸಂಖ್ಯೆಯಲ್ಲಿ ತಯಾರಾದ ಕೊನೆಯ ಮಿಲಿಟರಿ ಬೋಲ್ಟ್ ರೈಫಲ್‌ಗಳಲ್ಲಿ ಇದೂ ಒಂದು. ಗುರುತು ಹಿಡಿಯೋದು ಸುಲಭ. ಮ್ಯಾಗಜೀನ್ ನೋಡಿ. .303ದಲ್ಲಿ ಹತ್ತು ಗುಂಡಿನದ್ದು, ಅಡಿಭಾಗ ಓರೆ. 2ಎ1ರಲ್ಲಿ ಹನ್ನೆರಡು ಗುಂಡಿನದ್ದು, ಚೌಕಾಕಾರದ ಡಬ್ಬಿ. ಗುರಿ ನೋಡೋ ಹಿಂದಿನ ಸೈಟ್ ಮೇಲಿನ ದೂರದ ಗುರುತು 2ಎದಲ್ಲಿ 2000ದವರೆಗೆ ಇತ್ತು, 2ಎ1ರಲ್ಲಿ 800ಕ್ಕೆ ಇಳಿಸಿದರು. ಮರದ ಬಟ್ ಸೇರುವ ಲೋಹದ ಸಾಕೆಟ್ ಮೇಲೆ ಆರ್‌ಎಫ್‌ಐ (ರೈಫಲ್ ಫ್ಯಾಕ್ಟರಿ ಇಶಾಪುರ) ಅಂತ, ಕೆಳಗೆ ತಯಾರಾದ ವರ್ಷ ಇರುತ್ತೆ.

ಊರಿನಲ್ಲಿ ಯಾಕೆ ಸಿಗೋದಿಲ್ಲ ಅಂದರೆ, .303 ಆಗಲಿ 7.62 ಆಗಲಿ ಮಿಲಿಟರಿಯ ಬೋರ್, ಅಂದರೆ ನಳಿಗೆಯ ಅಳತೆ. ಆಯುಧ ಕಾಯ್ದೆಯಲ್ಲಿ ನಿಷೇಧಿತ ಬೋರ್ ಪಟ್ಟಿಗೆ ಸೇರುತ್ತೆ. ಸಾಮಾನ್ಯ ಲೈಸೆನ್ಸ್ ಮೇಲೆ ಕೊಡೋದಿಲ್ಲ. ಅದಕ್ಕಾಗಿಯೇ ಇಶಾಪುರದವರು ಜನರಿಗೆ ಅಂತ .315 ಬೋರಿನ ರೈಫಲ್ ಮಾಡಿದರು. ಒಳಗಿನ ಬೋಲ್ಟು, ಜೀವ ಎಲ್ಲಾ ಅದೇ ಲೀ ಎನ್‌ಫೀಲ್ಡ್, ಗುಂಡು ಮಾತ್ರ ಬೇರೆ. ಪೊಲೀಸರೂ ಈಗ .303 ಬಿಡುತ್ತಿದ್ದಾರೆ. ಉತ್ತರ ಪ್ರದೇಶದ ಪೊಲೀಸರು 2020ರ ಗಣರಾಜ್ಯೋತ್ಸವದ ಪರೇಡ್‌ನಲ್ಲಿ ಅದಕ್ಕೆ ವಿದಾಯ ಹೇಳಿದರು.

ವಿರಾಜಪೇಟೆಯವ

ಮೇಷ್ಟ್ರೇ, .315 ಬಗ್ಗೆ ಬರೆದದ್ದಕ್ಕೆ ಧನ್ಯವಾದ.

ಕೊಡಗಿನ ಬಗ್ಗೆ ಇಲ್ಲಿ ಯಾರಾದರೂ ಕೇಳೇ ಕೇಳುತ್ತಾರೆ, ಅದಕ್ಕೆ ಮೊದಲೇ ಹೇಳಿಬಿಡುತ್ತೇನೆ. ಕೊಡವರಿಗೂ ಜಮ್ಮಾ ಅನ್ನೋ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೂ ಕೋವಿ ಲೈಸೆನ್ಸ್‌ನಿಂದ ವಿನಾಯಿತಿ ಇದೆ. ಬ್ರಿಟಿಷರ ಕಾಲದ್ದು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. 2021ರಲ್ಲಿ ರಾಜ್ಯ ಹೈಕೋರ್ಟ್ ಕೂಡ ಎತ್ತಿಹಿಡಿಯಿತು. ವಿನಾಯಿತಿ ಅಂದರೆ ಯಾರು ಯಾವ ಕೋವಿ ಬೇಕಾದರೂ ಇಟ್ಟುಕೊಳ್ಳಬಹುದು ಅಂತ ಅರ್ಥ ಅಲ್ಲ. ವಿನಾಯಿತಿ ಪತ್ರ ಇರುತ್ತೆ, ದಾಖಲೆ ಇರುತ್ತೆ.

ನಮ್ಮ ಆಯುಧ ಪೂಜೆಯ ಹಬ್ಬ ಕೈಲ್‌ಪೊದ್ ದಿನ ಮನೆಯ ಕೋವಿಗಳನ್ನೆಲ್ಲ ಒರೆಸಿ, ಎಣ್ಣೆ ಹಚ್ಚಿ, ಕನ್ನಿಕೋಂಬರೆಯಲ್ಲಿ, ಅಂದರೆ ದೇವರ ಕೋಣೆಯಲ್ಲಿ ಇಟ್ಟು, ನಳಿಗೆಗೆ ತೋಕ್ ಪೂ ಅನ್ನೋ ಹೂ ಸಿಕ್ಕಿಸುತ್ತೇವೆ. ಪೂಜೆ ಆದಮೇಲೆ ತೆಂಗಿನಕಾಯಿಗೆ ಗುರಿ. ನಮ್ಮಲ್ಲಿ ಮಕ್ಕಳು ಮೊದಲು ಕಲಿಯೋದು ಕೋವಿ ಹೊಡೆಯೋದನ್ನಲ್ಲ, ಅದನ್ನು ಕೈಗೆತ್ತಿಕೊಂಡ ತಕ್ಷಣ ತೆರೆದು ನೋಡೋದನ್ನ. ಖಾಲಿ ಅಂತ ಯಾರೇ ಹೇಳಿ ಕೊಟ್ಟರೂ ನೀವೇ ತೆರೆದು, ಕಣ್ಣಿಂದ ನೋಡಿ, ಬೆರಳು ಹಾಕಿ ಮುಟ್ಟಿ ನೋಡಬೇಕು. ಆಸ್ಟಿನ್‌ನವರೇ, ಮನೆಯಲ್ಲಿ ಮಕ್ಕಳಿದ್ದಾರಾ? ಇದ್ದರೆ ರೈಫಲ್‌ಗಿಂತ ಮೊದಲು ಬೀಗದ ಪೆಟ್ಟಿಗೆ ತಗೊಳ್ಳಿ.

ಹಾಸನ ಟು ಆಸ್ಟಿನ್

ಒಬ್ಬಳು ಮಗಳಿದ್ದಾಳೆ. ಬಜೆಟ್‌ನಲ್ಲಿ ಪೆಟ್ಟಿಗೆ ಸೇರಿಸಿರಲಿಲ್ಲ, ಈಗ ಸೇರಿಸುತ್ತೇನೆ. ರೈಫಲ್ ಬೋಲ್ಟ್ ತೆಗೆದು ಬೇರೆ ಕಡೆ ಬೀಗ ಹಾಕಿಟ್ಟರೆ ಹೇಗೆ?

ವಿರಾಜಪೇಟೆಯವ

ಅದೂ ಮಾಡಿ, ಪೆಟ್ಟಿಗೆಯೂ ಇರಲಿ. ಗುಂಡು ಮೂರನೇ ಜಾಗದಲ್ಲಿ ಇರಲಿ. ಬೀಗದ ಕೈ ಎಲ್ಲಿದೆ ಅಂತ ಮನೆಗೆ ಬಂದ ನೆಂಟರಿಗೂ ಗೊತ್ತಾಗಬಾರದು.

ಹಾಸನ ಟು ಆಸ್ಟಿನ್

ಸರಿ ಸರ್. ಮೇಷ್ಟ್ರೇ, ಅಂಗಡಿಯಲ್ಲಿ ಏನೇನು ನೋಡಬೇಕು? ನನಗೆ ಕಣ್ಣಿಗೆ ಚೆಂದ ಕಂಡದ್ದು ಬಿಟ್ಟರೆ ಬೇರೇನೂ ಗೊತ್ತಾಗೋದಿಲ್ಲ.

ಪಿಟ್ಸ್‌ಬರ್ಗ್ ಮೇಷ್ಟ್ರು

ಚೆಂದ ಕೊನೆಗೆ ನೋಡಿ. ಮೊದಲು ನಳಿಗೆ. ಅಂಗಡಿಯವರನ್ನು ಕೇಳಿ ಬೋಲ್ಟ್ ತೆಗೆಸಿ, ಹಿಂದಿನಿಂದ ಸಣ್ಣ ಟಾರ್ಚ್ ಬಿಟ್ಟು ಒಳಗೆ ನೋಡಿ. ಒಳಗಿನ ಸುರುಳಿ ಗೆರೆಗಳ ಅಂಚು ಚೂಪಾಗಿ ಕಾಣಬೇಕು. ಒಳಗೆ ಕಪ್ಪಗೆ ಮಾಸಿದ್ದರೆ ಹೆದರಬೇಡಿ, ಎಷ್ಟೋ ಸಲ ಅದು ಹಳೇ ಗ್ರೀಸು. ಬಟ್ಟೆ ಎಳೆದು ಒರೆಸೋಕೆ ಬಿಡುತ್ತಾರಾ ಕೇಳಿ. ಒರೆಸಿದ ಮೇಲೂ ಗುಳಿ ಗುಳಿಯಾಗಿ ಕಂಡರೆ ಅದು ತುಕ್ಕು ತಿಂದ ಗಾಯ. ಆಮೇಲೆ ನಳಿಗೆಯ ಬಾಯಿ. ಸಿಪಾಯಿಗಳು ವರ್ಷಗಟ್ಟಲೆ ನಳಿಗೆಯೊಳಗೆ ಉಜ್ಜಿ ಉಜ್ಜಿ ಸ್ವಚ್ಛ ಮಾಡಿರುತ್ತಾರೆ. ಅಲ್ಲಿ ಸವೆದಿದ್ದರೆ ಗುರಿ ಎಲ್ಲೆಲ್ಲಿಗೋ ಹೋಗುತ್ತೆ.

ಎರಡನೆಯದು ನಂಬರ್. ರಿಸೀವರ್, ಅಂದರೆ ಬೋಲ್ಟ್ ಕೂರುವ ಲೋಹದ ಭಾಗದ ಮೇಲಿನ ನಂಬರೂ ಬೋಲ್ಟ್ ಹಿಡಿಯ ಮೇಲಿನ ನಂಬರೂ ಒಂದೇ ಇರಬೇಕು. ಹಳೇ ನಂಬರ್ ಹೊಡೆದುಹಾಕಿ ಹೊಸದು ಕೊರೆದದ್ದೂ ಇರುತ್ತೆ. ಬೋಲ್ಟ್ ಬೇರೆ ರೈಫಲ್‌ದಾದರೆ ಗುಂಡು ಕೂರುವ ಜಾಗದ ಅಳತೆ, ಅಂದರೆ ಹೆಡ್‌ಸ್ಪೇಸ್, ಕೆಟ್ಟಿರಬಹುದು. ಅದು ಜಾಸ್ತಿಯಾದರೆ ಗುಂಡಿನ ಕೇಸ್, ಅಂದರೆ ಲೋಹದ ಕವಚ, ಹರಿದು ಬಿಸಿ ಗ್ಯಾಸ್ ನಿಮ್ಮ ಮುಖದ ಕಡೆ ಬರುತ್ತೆ. ನಂಬರ್ ಒಂದೇ ಇದ್ದರೂ ಗನ್‌ಸ್ಮಿತ್ ಹತ್ತಿರ ಗೇಜ್ ಹಾಕಿಸಿ ನೋಡದೆ ಮೊದಲ ಗುಂಡು ಹೊಡೆಯಬೇಡಿ. ಗೋ, ನೋ ಗೋ ಅಂತ ಎರಡು ಗೇಜ್. ಗೋ ಮೇಲೆ ಬೋಲ್ಟ್ ಮುಚ್ಚಬೇಕು, ನೋ ಗೋ ಮೇಲೆ ಮುಚ್ಚಬಾರದು. ಇದರ ಖರ್ಚು ಉಳಿಸೋಕೆ ಹೋಗಲೇಬೇಡಿ.

ಮೂರನೆಯದು ಮರ. ಟ್ರಿಗರ್ ಗಾರ್ಡ್ ಸುತ್ತ, ಬಟ್ ಸೇರುವ ಜಾಗದಲ್ಲಿ ಬಿರುಕು ನೋಡಿ. ಮುಂದಿನ ಮರದಲ್ಲಿ ಅಡ್ಡಲಾಗಿ ಸ್ಕ್ರೂ ಕಂಡರೆ ಗಾಬರಿ ಬೇಡ, ಅದು ಮರ ಸೀಳದಿರಲಿ ಅಂತ ಇಶಾಪುರದವರೇ ಹಾಕುತ್ತಿದ್ದದ್ದು. ಆದರೆ ಡಿಪಿ ಅಂತ ಅಕ್ಷರ ಕೊರೆದಿದ್ದರೆ ಬಿಟ್ಟುಬಿಡಿ. ಕವಾಯತಿಗೆ ಮಾತ್ರ ಅಂತ ಬದಿಗಿಟ್ಟ ರೈಫಲ್ ಅದು. ಗುಂಡು ಹೊಡೆಯೋಕಲ್ಲ.

ಬೇಟೆಗೆ ಅಂತ ಮುಂದಿನ ಮರ ಕತ್ತರಿಸಿದ ರೈಫಲ್‌ಗಳು ಅಗ್ಗಕ್ಕೆ ಸಿಗುತ್ತವೆ. ಗುರಿ ಹೊಡೆಯೋಕೆ ಮಾತ್ರ ಆದರೆ ಅದೂ ಒಳ್ಳೇ ಆಯ್ಕೆ. ನಿಮಗೆ ಇತಿಹಾಸವೂ ಬೇಕು ಅಂದಿರಲ್ಲ, ಅದಕ್ಕೇ ಬೇಡ ಅನ್ನುತ್ತೇನೆ.

ಸಿಯಾಟಲ್ ಮಲೆನಾಡಿಗ

ನನ್ನ ಹತ್ತಿರ ಮೊಸಿನ್ ಇದೆ, ಅದರ ಪರವಾಗಿ ನಾಲ್ಕು ಮಾತು. ಇಶಾಪುರದ್ದು ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ ಮೊಸಿನ್‌ನಷ್ಟು ಸರಳವಾದ, ಗಟ್ಟಿಯಾದ ಯಂತ್ರ ಇನ್ನೊಂದಿಲ್ಲ. ಬೋಲ್ಟ್‌ನ ಪೂರ್ತಿ ಬಿಚ್ಚಿ ಜೋಡಿಸೋಕೆ ಜೊತೆಯಲ್ಲಿ ಕೊಡೋ ಆ ಒಂದು ತಗಡಿನ ಪಟ್ಟಿ ಸಾಕು. ಸ್ಟಾಲಿನ್‌ಗ್ರಾಡ್‌ನ ಚಳಿಯಲ್ಲಿ ಕೆಲಸ ಮಾಡಿದ ರೈಫಲ್ ಅದು. ಸೇಫ್ಟಿ ಎಳೆಯೋಕೆ ಮಾತ್ರ ಹೆಬ್ಬೆರಳಿಗೆ ಶಕ್ತಿ ಬೇಕು.

ಯಾರಾದರೂ ತಗೊಂಡರೆ ಒಂದು ವಿಷಯ ನೆನಪಿಡಿ. ಹಳೇ ಸರ್‌ಪ್ಲಸ್ ಗುಂಡಿನ ಬುಡದಲ್ಲಿ ಕಿಡಿ ಹೊತ್ತಿಸುವ ಪ್ರೈಮರ್‌ನಲ್ಲಿ ಪೊಟಾಸಿಯಂ ಕ್ಲೋರೇಟ್ ಇರುತ್ತೆ. ಹೊಡೆದ ಮೇಲೆ ನಳಿಗೆಯೊಳಗೆ ಉಪ್ಪು ಉಳಿಯುತ್ತೆ. ಆ ಉಪ್ಪು ಗಾಳಿಯ ತೇವ ಹೀರಿಕೊಂಡು ತುಕ್ಕು ಹಿಡಿಸುತ್ತೆ. ನಮ್ಮ ಸಿಯಾಟಲ್‌ನಂಥ ಊರಲ್ಲಿ ರಾತ್ರಿ ಬೆಳಗಾಗೋದರೊಳಗೆ ಕೆಂಪಗಾಗುತ್ತೆ. ಎಣ್ಣೆ ಹಚ್ಚಿದರೆ ಉಪ್ಪು ಕರಗೋದಿಲ್ಲ. ನೀರು ಬೇಕು. ಕೆಟಲ್‌ನಲ್ಲಿ ನೀರು ಕುದಿಸಿ, ಗುಂಡು ಹಾಕುವ ಕಡೆಯಿಂದ ಲಾಳಿಕೆ ಇಟ್ಟು ಸುರಿಯಿರಿ. ಬಾಯಿಯಿಂದ ಮೊದಲು ಬೂದು ಬಣ್ಣದ ನೀರು ಬರುತ್ತೆ, ಆಮೇಲೆ ತಿಳಿ. ನಳಿಗೆ ಬಿಸಿಯಾಗಿರೋದರಿಂದ ಬೇಗ ಒಣಗುತ್ತೆ. ಒಣ ಬಟ್ಟೆ ಎಳೆದು, ಆಮೇಲೆ ಎಣ್ಣೆ. ಗಾಜು ಒರೆಸುವ ಅಮೋನಿಯಾ ದ್ರವದಲ್ಲಿ ತೊಳೆದರೆ ಸಾಕು ಅನ್ನುತ್ತಾರೆ. ಅದರಲ್ಲಿ ಕೆಲಸ ಮಾಡೋದೂ ನೀರೇ. ಬೋಲ್ಟ್ ಮುಖ ತೊಳೆಯೋದು ಮರೀಬೇಡಿ.

ಹಾಸನ ಟು ಆಸ್ಟಿನ್

ಇವತ್ತು ಮತ್ತೆ ಆ ಅಂಗಡಿಗೆ ಹೋಗಿ ಬಂದೆ. ಎರಡು 2ಎ1 ಇದ್ದವು. ಒಂದರ ಮರ ಬಹಳ ಚೆಂದ, ಬೋಲ್ಟ್ ನಂಬರ್ ಮಾತ್ರ ಬೇರೆ. ಇನ್ನೊಂದರ ಮರ ತುಂಬಾ ಗೀರು, ಬಟ್ ಮೇಲೆ ಯಾವುದೋ ತುಕಡಿಯ ರ‍್ಯಾಕ್ ನಂಬರ್ ಇರಬೇಕು, ಬಿಳಿ ಬಣ್ಣದಲ್ಲಿ ಅರ್ಧ ಅಳಿಸಿಹೋಗಿದೆ. ನಳಿಗೆ ಒರೆಸಿ ನೋಡಿದರೆ ಗೆರೆಗಳು ಚೂಪಾಗಿವೆ, ನಂಬರ್ ಕೂಡ ಒಂದೇ. 1967ರದ್ದು. ಅದಕ್ಕೇ ಮುಂಗಡ ಕೊಟ್ಟೆ, 520 ಡಾಲರ್‌ಗೆ ಮಾತಾಯ್ತು. ಅಂಗಡಿಯವರದೇ ಗನ್‌ಸ್ಮಿತ್ ಇದ್ದಾರೆ, ಹೆಡ್‌ಸ್ಪೇಸ್ ನೋಡಿ ಕೊಡುತ್ತಾರೆ.

ಎರಡು ಪ್ರಶ್ನೆ ಉಳಿದಿವೆ. ಆ ಮರವನ್ನು ಉಜ್ಜಿ ಪಾಲಿಶ್ ಮಾಡಿಸಲಾ? ಮತ್ತೆ .308 ಗುಂಡು ಹಾಕಬಹುದಾ? ಅಂಗಡಿ ಹುಡುಗ ಎರಡೂ ಒಂದೇ ಅಂದ.

ಪಿಟ್ಸ್‌ಬರ್ಗ್ ಮೇಷ್ಟ್ರು

ಒಳ್ಳೇ ರೈಫಲ್ ಆರಿಸಿದ್ದೀರಿ, ತುಂಬಾ ಸಂತೋಷ. ನಾನಾಗಿದ್ದರೂ ಅದನ್ನೇ ತಗೊಳ್ಳುತ್ತಿದ್ದೆ.

ಮರಕ್ಕೆ ಉಪ್ಪುಕಾಗದ ಮುಟ್ಟಿಸಬೇಡಿ, ದಯವಿಟ್ಟು. ಆ ಬಿಳಿ ನಂಬರ್, ಆ ಗೀರು ಎಲ್ಲಾ ಅದರ ಸೇವೆಯ ದಾಖಲೆ. ಉಜ್ಜಿದರೆ ಮುದ್ರೆಗಳೂ ಹೋಗುತ್ತವೆ, ಬೆಲೆಯೂ ಹೋಗುತ್ತೆ. ಮೇಲಿನ ಜಿಡ್ಡನ್ನು ಮಿನರಲ್ ಸ್ಪಿರಿಟ್‌ನಲ್ಲಿ ಮೆಲ್ಲಗೆ ಒರೆಸಿ, ಆ ನಂಬರ್ ಇರೋ ಜಾಗ ಮಾತ್ರ ಬಿಟ್ಟು. ಆಮೇಲೆ ಬಾಯ್ಲ್ಡ್ ಲಿನ್‌ಸೀಡ್, ಅಂದರೆ ಅಗಸೆ ಎಣ್ಣೆ, ಕೈಯಿಂದ ತೆಳ್ಳಗೆ ಹಚ್ಚಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಗರಾಜಿನಲ್ಲಿ ಎಸೆಯಬೇಡಿ, ತಾನಾಗಿ ಬೆಂಕಿ ಹೊತ್ತಿಕೊಳ್ಳುತ್ತೆ. ಹೊರಗೆ ಬಿಡಿಸಿ ಹರವಿ ಒಣಗಿಸಿ.

ಗುಂಡಿನ ವಿಷಯಕ್ಕೆ ಬಂದರೆ, .308 ಮತ್ತು 7.62 ನೇಟೋ ಹೊರಗಿನ ಅಳತೆಯಲ್ಲಿ ಹೆಚ್ಚು ಕಡಿಮೆ ಒಂದೇ. ಒಳಗಿನ ಒತ್ತಡದ ಬಗ್ಗೆ ಜಗಳ ಇದ್ದದ್ದೇ, ಎರಡನ್ನೂ ಅಳೆಯುವ ವಿಧಾನವೇ ಬೇರೆ ಬೇರೆ. ಆ ಜಗಳ ನಿಮಗೆ ಬೇಡ. ಈ ರೈಫಲ್ ಯಾವ ಗುಂಡಿಗೆ ಅಂತ ತಯಾರಾಯಿತೋ ಅದನ್ನೇ ಹಾಕಿ. ಡಬ್ಬದ ಮೇಲೆ 7.62×51 ನೇಟೋ, 147 ಗ್ರೇನ್ ಬಾಲ್ ಅಂತ ಇರಬೇಕು. ಬೇಟೆಗೆ ಅಂತ ಮಾರುವ, ಹೆಚ್ಚು ಒತ್ತಡದ ಗುಂಡುಗಳು ಬೇಡವೇ ಬೇಡ. ಹಿಂದಿನ ಕಡೆ ಬೋಲ್ಟ್ ಬೀಗ ಬೀಳುವ ವಿನ್ಯಾಸ ಇದು, ಅದಕ್ಕೂ ಒಂದು ಮಿತಿ ಇದೆ.

ಮೊದಲ ದಿನ ಐವತ್ತು ಗಜದಲ್ಲಿ ಶುರು ಮಾಡಿ. ಕಣ್ಣಿಗೆ ಕನ್ನಡಕ, ಕಿವಿಗೆ ಮಫ್. ಮ್ಯಾಗಜೀನ್ ತುಂಬಬೇಡಿ, ಒಂದೊಂದೇ ಗುಂಡು ಹಾಕಿ. ಮೊದಲ ಐದಾರು ಖಾಲಿ ಕೇಸ್‌ಗಳನ್ನು ಎತ್ತಿ ನೋಡಿ. ಬುಡದಿಂದ ಸ್ವಲ್ಪ ಮೇಲೆ ಸುತ್ತಲೂ ಹೊಳೆಯುವ ಉಂಗುರದ ಹಾಗೆ ಗೆರೆ ಕಂಡರೆ ಅಲ್ಲೇ ನಿಲ್ಲಿಸಿ, ಕೇಸ್ ಸಮೇತ ಗನ್‌ಸ್ಮಿತ್ ಹತ್ತಿರ ಹೋಗಿ. ಟ್ರಿಗರ್ ಎಳೆದು ಸದ್ದು ಬರದಿದ್ದರೆ ಬೋಲ್ಟ್ ತೆರೆಯಬೇಡಿ. ನಳಿಗೆ ಟಾರ್ಗೆಟ್ ಕಡೆಗೇ ಇರಲಿ, ಪೂರ್ತಿ ಒಂದು ನಿಮಿಷ ಕಾಯಿರಿ.

ಎಲ್ಲಾ ಸರಿ ಇದ್ದರೆ ಟಾರ್ಗೆಟ್ ಕಾಗದದ ಫೋಟೋ ಇಲ್ಲಿ ಹಾಕಿ. ಗುಂಡು ಎಡಕ್ಕೋ ಬಲಕ್ಕೋ ಗುಂಪಾಗಿ ಬಿದ್ದಿದ್ದರೆ ಮುಂದಿನ ಸೈಟ್ ಎಷ್ಟು ಸರಿಸಬೇಕು ಅಂತ ನೋಡಿ ಹೇಳುತ್ತೇನೆ.